ಮಿಸ್ಸಿನ ಬಾಯಿಗೆ ಬೀಗ

ಸೆಪ್ಟೆಂಬರ್ ೧, ಸೋಮವಾರ

ಗಂಟಲ ಡಾಕ್ಟರು ನನ್ನ ಬಾಯೊಳಗೆ ಪುಟ್ಟ ಕನ್ನಡಿ ತೂರಿಸಿ, ಟಾರ್ಚು ಬಿಟ್ಟು, ಬಹಳ ಹೊತ್ತು ಇಣುಕಿದರು. ಆಮೇಲೆ "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು.

ಕನ್ನಡಿ ಬಾಯಲ್ಲಿದ್ದ ಹಾಗೆಯೇ "ಟೀಚರ್" ಎಂದೆ.

"ಅದೇ ಅಂದ್ಕೊಂಡೆ. ಟೀಚರ್ ಇರಬೇಕು, ಇಲ್ಲಾ ಹರಾಜು ಕೂಗೋರಿರಬೇಕು."

ಧ್ವನಿ ಹೊರಡುವ ತಂತುಗಳ ಮೇಲೆ ಎರಡು ಗಂಟುಗಳಿವೆಯಂತೆ, ಸಾಸಿವೆ ಕಾಳಿನಷ್ಟು. ಇಷ್ಟು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿದ್ದಕ್ಕೆ ಸಿಕ್ಕ ಬಹುಮಾನ. ಮೂರು ವಾರ ಒಂದಕ್ಷರವನ್ನೂ ಆಡಕೂಡದು. ಆಡಿದರೆ ಆಪರೇಷನ್. ಆಪರೇಷನ್ ಆದ ಮೇಲೆ ಯಾವ ಸ್ವರ ಬರುತ್ತದೋ, ಬರುವುದೇ ಇಲ್ಲವೋ, ಅದು ಅವರ ಕೈಯಲ್ಲಿಲ್ಲ.

"ಪಿಸುಗುಟ್ಟಬಹುದಾ?" ಎಂದು ಪಿಸುಗುಟ್ಟಿದೆ.

"ಅದು ಇನ್ನೂ ಕೆಟ್ಟದ್ದು. ಈಗ ಪಿಸುಗುಟ್ಟಿದ್ರಲ್ಲ, ಅದೇ ಕೊನೇದು."

ನಮ್ಮ ಯಜಮಾನರು ಪಕ್ಕದಲ್ಲೇ ಕೂತಿದ್ದರು. ಇವರದು ನೀರು ಸರಬರಾಜು ಕಚೇರಿಯಲ್ಲಿ ಫೋನಿನ ಮುಂದೆ ಕೂತು ದೂರು ಬರೆದುಕೊಳ್ಳುವ ಕೆಲಸ. ದಿನವಿಡೀ ಊರವರ ಬೈಗುಳ ಕೇಳಿ ಕೇಳಿ ಇವರ ಬಾಯಲ್ಲಿ ಉಳಿದಿರುವುದು ಎರಡೇ ಮಾತು: "ಆಯ್ತು, ಬರ್ಕೊಂಡೆ." ಮನೆಯಲ್ಲಿ ನಾನು ಏನು ಹೇಳಿದರೂ ಅದೇ ಉತ್ತರ. ಡಾಕ್ಟರು ಮೂರು ವಾರ ಅಂದಾಗ ತಮ್ಮ ಮುಖದ ಮೇಲೆ ಮೂಡಿದ್ದು ಚಿಂತೆ ಎಂದು ಇವರು ದಾರಿಯುದ್ದಕ್ಕೂ ಸಾಧಿಸಿದರು. ಆ ಮುಖವನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಚಿಂತೆಗೆ ಹಲ್ಲು ಕಾಣುವುದಿಲ್ಲ.

ಮನೆಯಲ್ಲಿ ಅತ್ತೆ ಸುದ್ದಿ ಕೇಳಿ ನನಗೆ ಬಿಸಿ ಹಾಲು ಕಾಯಿಸಿ ಕೊಟ್ಟರು. ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಒಂದಕ್ಷರಾನೂ ಆಡಬಾರ್ದಂತಾ?"

ತಲೆಯಾಡಿಸಿದೆ.

"ಪಿಸುಮಾತೂ ಇಲ್ವಂತಾ?"

ಇಲ್ಲವೆಂದು ತಲೆಯಾಡಿಸಿದೆ.

"ಹಾಗಾದ್ರೆ ಆ ಕಿಟಕಿ ಪರದೆ ವಿಷಯ ಮಾತಾಡೋಣ" ಎಂದರು.

ಆ ಪರದೆ ನಾನು ಆರಿಸಿ ತಂದದ್ದು. ತಂದು ಆರು ವರ್ಷವಾಯಿತು. ಅಷ್ಟು ದಿನ ಅವರು ಒಳಗೇ ಇಟ್ಟುಕೊಂಡಿದ್ದದ್ದೆಲ್ಲ ಇವತ್ತು ಸಂಜೆ ಹೊರಗೆ ಬಂತು. ಉತ್ತರ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು, ಹಾಲಿನ ಜೊತೆ ನುಂಗಿದೆ. ಆಡಲಾಗದ್ದನ್ನು ಎಲ್ಲಾದರೂ ಸುರಿಯದಿದ್ದರೆ ಹೊಟ್ಟೆ ಒಡೆದು ಹೋದೀತು. ಅದಕ್ಕೇ ಈ ಡೈರಿ. ಪರದೆ ಚೆನ್ನಾಗಿದೆ. ಪರದೆ ತುಂಬಾ ಚೆನ್ನಾಗಿದೆ!

ಸೆಪ್ಟೆಂಬರ್ ೨, ಮಂಗಳವಾರ

ರಜೆ ಕೇಳಿ ಬರೆದ ಚೀಟಿಯನ್ನು ಹೆಡ್‌ಮಾಸ್ಟರು ಓದಿ ವಾಪಸು ಕೊಟ್ಟರು. "ನೀವು ರಜೆ ಹಾಕಿದ್ರೆ ಎಂಟನೇ ಬಿ ಯಾರು ನೋಡ್ಕೋತಾರೆ ಮೇಡಂ? ಸುಮ್ನೆ ಬಂದು ಕೂತ್ಕೊಳ್ಳಿ. ನಿಮ್ಮ ಮುಖಾನೇ ಸಾಕು."

ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ಕೇಳೋಣವೆಂದರೆ ಬಾಯಿಲ್ಲ.

ಎಂಟನೇ ಬಿ ಎಂದರೆ ನಲವತ್ತು ಮಕ್ಕಳು, ಎಂಬತ್ತು ಜನರಷ್ಟು ಸದ್ದು. ಬೋರ್ಡಿನ ಮೇಲೆ "ಗಂಟಲು ಕೆಟ್ಟಿದೆ. ಮೂರು ವಾರ ನಾನು ಮಾತಾಡುವುದಿಲ್ಲ" ಎಂದು ಬರೆದೆ. ಹಿಂದಿನ ಬೆಂಚಿನಿಂದ ಯಾರೋ ಭಕ್ತಿಯಿಂದ "ದೇವರು ದೊಡ್ಡೋನು" ಎಂದರು.

ಅಲ್ಲಿಗೆ ಶುರು. ಬೋರ್ಡಿಗೆ ಮುಖ ಮಾಡಿದರೆ ಬೆನ್ನ ಹಿಂದೆ ಬಸ್‌ಸ್ಟ್ಯಾಂಡು. ಬೈಗುಳ ಬರೆದು ಮುಗಿಸುವಷ್ಟರಲ್ಲಿ ತಪ್ಪು ಮಾಡಿದವನು ಸಾಧುವಾಗಿ ಕೈಕಟ್ಟಿ ಕೂತಿರುತ್ತಾನೆ. "ಕತ್ತೆ" ಎಂದು ಬರೆದೆ. "ಯಾರು ಮಿಸ್?" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಕೇಳಿತು. ಬೆರಳು ತೋರಿಸಿದೆ. ಬೆರಳಿನ ದಾರಿಯಲ್ಲಿದ್ದವರೆಲ್ಲ ತಿರುಗಿ ತಮ್ಮ ಹಿಂದಿನವರನ್ನು ನೋಡಿದರು. ಕೊನೆಯ ಬೆಂಚಿನವನು ತಿರುಗಿ ಗೋಡೆಯನ್ನು ನೋಡಿದ.

ಪಕ್ಕದ ಕೋಣೆಯ ಲೆಕ್ಕದ ಮೇಷ್ಟ್ರು ಬಾಗಿಲಲ್ಲಿ ತಲೆ ಹಾಕಿದರು. ಕುಳ್ಳಗಿರುವುದರಿಂದ ಮಕ್ಕಳು ಅವರನ್ನು ಭಿನ್ನರಾಶಿ ಎನ್ನುತ್ತಾರೆ. ನಾವೂ ಅನ್ನುತ್ತೇವೆ, ಅವರಿಲ್ಲದಾಗ. "ಇಷ್ಟು ದಿನ ನಿಮ್ಮ ಗಲಾಟೆ ಇತ್ತು ಮೇಡಂ, ಕಿವಿಗೆ ಅಭ್ಯಾಸ ಆಗಿತ್ತು. ಇದು ಹೊಸದು" ಎಂದರು.

ನನ್ನದು ಗಲಾಟೆಯಂತೆ. ನನ್ನದು ಪಾಠ ಸ್ವಾಮಿ, ಪಾಠ.

ಸೆಪ್ಟೆಂಬರ್ ೪, ಗುರುವಾರ

ಉಪಾಯ ಹೊಳೆಯಿತು. ಎಂಟನೇ ಬಿಯಲ್ಲಿ ಒಬ್ಬಳು ಹುಡುಗಿಯಿದ್ದಾಳೆ, ನಮ್ಮ ಬೀದಿಯವಳೇ. ಊರಿನ ಸುದ್ದಿಯೆಲ್ಲ ಅವಳ ಬಾಯಲ್ಲಿ ಹುಟ್ಟಿ ಆಮೇಲೆ ಊರಿಗೆ ಹೋಗುತ್ತದೆ. ಅಡ್ಡಹೆಸರು 'ವಾರ್ತೆ'. ಮಾತಾಡುತ್ತಾಳೆಂದು ವರ್ಷವಿಡೀ ಬಾಗಿಲ ಹೊರಗೆ ನಿಲ್ಲಿಸಿದ್ದೆ. ಇವತ್ತು ಅವಳನ್ನೇ ಕರೆದು ನನ್ನ ಪಕ್ಕ ನಿಲ್ಲಿಸಿ, ಸ್ಲೇಟಿನಲ್ಲಿ ನಾನು ಬರೆದದ್ದನ್ನು ಗಟ್ಟಿಯಾಗಿ ಓದುವ ಕೆಲಸ ಕೊಟ್ಟೆ.

ಓದಲಿಲ್ಲ ಅವಳು. ನಾನಾದಳು! ಸೊಂಟದ ಮೇಲೆ ಕೈಯಿಟ್ಟು, ಕನ್ನಡಕವಿಲ್ಲದಿದ್ದರೂ ಅದರ ಮೇಲಿಂದ ನೋಡಿ, ನಾನು ಬರೆಯದ್ದನ್ನೂ ಸೇರಿಸಿದಳು: "ಏನ್ರೋ ಅದು? ನಿಮ್ಮಪ್ಪ ಅಮ್ಮ ಇದಕ್ಕೇನಾ ಶಾಲೆಗೆ ಕಳ್ಸಿರೋದು? ನಗು ಬರುತ್ತಾ? ನಮಗೂ ಹೇಳಿ, ನಾವೂ ನಗ್ತೀವಿ!"

ತರಗತಿ ಬಿದ್ದು ಬಿದ್ದು ನಕ್ಕಿತು. ನನಗೆ ಮೈ ಉರಿಯಿತು. ಆಮೇಲೆ ಗಮನಿಸಿದರೆ, ನಕ್ಕು ಮುಗಿದ ಮೇಲೆ ಎಲ್ಲರೂ ಪುಸ್ತಕ ತೆಗೆದಿದ್ದರು.

ನನ್ನ ಸ್ವರ ನಿಜಕ್ಕೂ ಅಷ್ಟು ಕೀರಲೇ? ಇವರನ್ನು ಸ್ಲೇಟಿನಲ್ಲಿ ಕೇಳಿದೆ. "ಆಯ್ತು, ಬರ್ಕೊಂಡೆ" ಎಂದರು.

ಸೆಪ್ಟೆಂಬರ್ ೬, ಶನಿವಾರ

ಪರದೆ ಮುಗಿಯಿತು. ನಾನು ಪಾತ್ರೆ ಜೋಡಿಸುವ ರೀತಿ ಮುಗಿಯಿತು. ಮದುವೆಯಾದ ಹೊಸದರಲ್ಲಿ ನಾನು ಅತ್ತೆಯ ತಮ್ಮನಿಗೆ ಅಂದ ಒಂದು ಮಾತೂ ಮುಗಿಯಿತು. ಇನ್ನೇನು ಉಳಿದಿದೆ ಎಂದು ಇವತ್ತು ಮಧ್ಯಾಹ್ನ ಬೀನ್ಸ್ ಬಿಡಿಸುತ್ತಾ ಕಾದು ಕೂತೆ.

ಅತ್ತೆ ಒಂದು ಬೀನ್ಸಿನ ನಾರು ಎಳೆದು, ಅದನ್ನೇ ನೋಡುತ್ತಾ, "ಒಂದ್ಸಲ ನಾನು ಮನೆ ಬಿಟ್ಟು ಓಡಿ ಹೋಗಿದ್ದೆ" ಎಂದರು.

ನನ್ನ ಕೈಯಿಂದ ಚಾಕು ಬಿತ್ತು.

"ಸಮುದ್ರ ನೋಡೋಕೆ. ನಿಮ್ಮ ಮಾವನ್ನ ಕೇಳಿ ಕೇಳಿ ಸಾಕಾಗಿತ್ತು. 'ಸಮುದ್ರ ಎಲ್ಲಿಗೂ ಓಡಿ ಹೋಗಲ್ಲ, ಅಲ್ಲೇ ಇರುತ್ತೆ' ಅಂತಿದ್ರು. ಸರಿ, ಅದು ಓಡದಿದ್ರೆ ನಾನೇ ಓಡ್ತೀನಿ ಅಂದ್ಕೊಂಡೆ. ಅವ್ರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ರು. ನಿನ್ನ ಗಂಡ ಆಗ ಇಷ್ಟುದ್ದ, ಮೂರು ವರ್ಷ. ಅವನನ್ನ ಎತ್ಕೊಂಡು, ತರಕಾರಿ ಚೀಲ ಹಿಡ್ಕೊಂಡು ಮಾರ್ಕೆಟಿಗೆ ಹೋದೆ. ಬೀನ್ಸ್ ತಗೊಂಡೆ. ಮನೆ ಕಡೆ ತಿರುಗೋ ಬದಲು ಸ್ಟೇಷನ್ ಕಡೆ ತಿರುಗಿದೆ."

ಅಷ್ಟರಲ್ಲಿ ಇವರು ಬಂದರು. ಅತ್ತೆ ಬಾಯಿ ಮುಚ್ಚಿ, ನನ್ನತ್ತ ಕಣ್ಣು ಮಿಟುಕಿಸಿದರು. ಎಪ್ಪತ್ತು ದಾಟಿದ ಹೆಂಗಸು ಕಣ್ಣು ಮಿಟುಕಿಸಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಸೆಪ್ಟೆಂಬರ್ ೧೦, ಬುಧವಾರ

ಬಾಯಿಲ್ಲದವಳಿಗೆ ಹೇಳಿದ್ದು ಬಾವಿಗೆ ಹಾಕಿದ ಹಾಗೆ ಎಂದು ಶಾಲೆಯವರೆಲ್ಲ ತೀರ್ಮಾನಿಸಿದಂತಿದೆ. ಭಿನ್ನರಾಶಿಯವರು ಟೀ ಹೊತ್ತಿಗೆ ಪಕ್ಕ ಬಂದು ಕೂತು, ಮನೆಯಲ್ಲಿ ಮಗಳ ಲೆಕ್ಕದ ಹೋಮ್‌ವರ್ಕು ತಮಗೇ ಬರುವುದಿಲ್ಲವೆಂದೂ, ಸ್ನಾನಕ್ಕೆ ಹೋಗುವ ನೆಪದಲ್ಲಿ ಪುಸ್ತಕ ಒಯ್ದು ಬಚ್ಚಲಲ್ಲಿ ಕೂತು ಬಿಡಿಸಿಕೊಂಡು ಬರುವುದಾಗಿಯೂ ಹೇಳಿದರು. ಹೇಳಿ ಹಗುರಾಗಿ ಎದ್ದು ಹೋದರು. ಇಂಥ ಮುತ್ತಿನಂಥ ಸುದ್ದಿ! ಹಿಂದಿನ ನಾನಾಗಿದ್ದರೆ ಸಂಜೆಯ ಗಂಟೆ ಹೊಡೆಯುವ ಮುಂಚೆ ಊರು ಸುತ್ತಿಸುತ್ತಿದ್ದೆ. ಮೂಗ ಕಂಡ ಕನಸಾಯಿತು.

ಅತ್ತೆ ಇವತ್ತು ರೈಲು ಹತ್ತಿದರು. ಕಿಟಕಿ ಪಕ್ಕ ಜಾಗ ಸಿಕ್ಕಿತಂತೆ. ಎದುರಿಗೆ ಕೂತ ಪೊಲೀಸಿನವನು ಮಗುವಿನ ಹೆಸರು ಕೇಳಿದ್ದಕ್ಕೆ ಹೆದರಿ ಸುಳ್ಳು ಹೆಸರು ಹೇಳಿದರಂತೆ. ಆ ಹೆಸರು ಇವರಿಗೆ ಎಷ್ಟು ಒಪ್ಪುತ್ತದೆಂದರೆ, ಇವತ್ತು ಸಂಜೆ ಊಟಕ್ಕೆ ಕೂತಾಗ ನಾವಿಬ್ಬರೂ ಇವರ ಮುಖ ನೋಡಿ ನಗು ತಡೆಯಲಾರದೆ ಒಬ್ಬರಾದ ಮೇಲೊಬ್ಬರು ಎದ್ದು ಅಡುಗೆಮನೆಗೆ ಹೋದೆವು.

ಸೆಪ್ಟೆಂಬರ್ ೧೨, ಶುಕ್ರವಾರ

ಶಿಸ್ತು ಪೂರ್ತಿ ಹಾಳಾಗಿದೆ. ಹಡಗುಗಳಲ್ಲಿ ಹೊಸ ದೇಶ ಹುಡುಕಿ ಹೊರಟವರ ಪಾಠ. ಹಿಂದಿನ ಬೆಂಚಿನ, ಗೋಡೆ ನೋಡಿದ ಆಸಾಮಿ ಎದ್ದು ನಿಂತು, "ಮಿಸ್, ಹಡಗಲ್ಲಿ ಹೋದೋರು ಬದುಕಿದಾರೋ ಸತ್ರೋ ಮನೇಲಿರೋರಿಗೆ ಹೇಗೆ ಗೊತ್ತಾಗ್ತಿತ್ತು?" ಎಂದು ಕೇಳಿದ. ಪುಸ್ತಕದಲ್ಲಿಲ್ಲದ ಪ್ರಶ್ನೆ. 'ಪರೀಕ್ಷೆಗೆ ಬರಲ್ಲ, ಕೂತ್ಕೋ' ಎಂದು ಬರೆಯಲು ಸೀಮೆಸುಣ್ಣ ಹುಡುಕುವಷ್ಟರಲ್ಲಿ ಒಬ್ಬಳು "ಗೊತ್ತಾಗ್ತಾನೇ ಇರ್ಲಿಲ್ಲ ಕಣೋ" ಎಂದಳು. ಇನ್ನೊಬ್ಬ "ಹಾಗಾದ್ರೆ ಊಟಕ್ಕೆ ತಟ್ಟೆ ಇಡ್ತಿದ್ರಾ ಇಲ್ವಾ?" ಎಂದ. ಆ ತಟ್ಟೆಯ ಮೇಲೆ ಇಡೀ ತರಗತಿ ಎರಡು ಪಕ್ಷವಾಯಿತು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಪಾಠ ಅರ್ಧ ಪುಟವೂ ಆಗಲಿಲ್ಲ.

ತಟ್ಟೆ ಇಡುತ್ತಿದ್ದರೇ? ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಒಂದು ನಿಲ್ದಾಣ ಮುಂದೆ ಹೋದೆ.

ಸೆಪ್ಟೆಂಬರ್ ೧೫, ಸೋಮವಾರ

ಇವತ್ತು ಹೆಡ್‌ಮಾಸ್ಟರ ಸರದಿ. ಕೋಣೆಗೆ ಕರೆಸಿ, ಬಿಸ್ಕತ್ತು ಕೊಟ್ಟರು. ಬಿಸ್ಕತ್ತು ಕೊಟ್ಟಾಗಲೇ ಅನುಮಾನ ಬಂತು.

"ಮೇಡಂ, ನಿಮ್ಮ ಆರೋಗ್ಯದ ದೃಷ್ಟಿಯಿಂದ ಯೋಚ್ನೆ ಮಾಡಿದೀನಿ. ಅರ್ಧವಾರ್ಷಿಕ ರಜೆ ಮುಗಿದ ಮೇಲೆ ಸ್ಟೋರ್ ರೂಮು ನೀವು ನೋಡ್ಕೊಳ್ಳಿ. ನಕ್ಷೆ, ಗ್ಲೋಬು, ಫುಟ್‌ಬಾಲು. ಯಾವುದೂ ತಿರುಗಿ ಮಾತಾಡಲ್ಲ. ಎಂಟನೇ ಬಿ ಬೇರೆಯವರಿಗೆ ಕೊಡ್ತೀನಿ. ಇಪ್ಪತ್ತೈದನೇ ತಾರೀಕು ಮೀಟಿಂಗಲ್ಲಿ ಹೇಳಿಬಿಡ್ತೀನಿ."

ಮೂರು ವಾರಕ್ಕೆ ಸರಿಹೋಗುತ್ತದೆಂದು ಸ್ಲೇಟಿನಲ್ಲಿ ಬರೆದೆ. ಓದಿ, "ಆಗ್ಲಿ, ಆಗ್ಲಿ, ಆದ್ರೂ ರಿಸ್ಕ್ ಯಾಕೆ" ಎಂದರು. ದೊಡ್ಡ ಅಕ್ಷರದಲ್ಲಿ "ನನಗೆ ಸ್ಟೋರ್ ರೂಮು ಬೇಡ" ಎಂದು ಬರೆದೆ. ಅವರು ಆಗಲೇ ಫೋನಿನಲ್ಲಿದ್ದರು.

ಬರೆದ ಕೂಗು ಯಾರ ಕಿವಿಗೂ ಬೀಳುವುದಿಲ್ಲ. ಗ್ಲೋಬಿನ ಧೂಳು ಒರೆಸುತ್ತಾ ನಿವೃತ್ತಳಾಗಬೇಕೆ? ಎಂಟನೇ ಬಿ ಹೋದರೆ ಪೀಡೆ ಕಳೆಯಿತೆಂದು ಕುಣಿಯಬೇಕಾಗಿತ್ತು ನಾನು. ಕುಣಿಯಲು ಕಾಲೇ ಏಳಲಿಲ್ಲ. ಬಿಸ್ಕತ್ತನ್ನು ಅಲ್ಲೇ ಬಿಟ್ಟು ಬಂದೆ.

ಸೆಪ್ಟೆಂಬರ್ ೧೮, ಗುರುವಾರ

ಇವರು ಮಾತಾಡುತ್ತಾರೆ! ಚಪ್ಪಲಿ ಬಿಚ್ಚುತ್ತಾ ತಾವಾಗಿಯೇ ಶುರು ಮಾಡಿದರು. ದಿನಾ ಬೆಳಗ್ಗೆ ಒಬ್ಬರು ಫೋನ್ ಮಾಡಿ ನಲ್ಲಿಯಲ್ಲಿ ನೀರಿಲ್ಲ ಎನ್ನುತ್ತಾರಂತೆ. ಹಿಂದಿನಿಂದ ನಲ್ಲಿ ಸುರಿಯುವ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿರುತ್ತದಂತೆ.

"ನಾನು ಆಯ್ತು, ಬರ್ಕೊಂಡೆ ಅಂತೀನಿ. ಆಮೇಲೆ ಅವ್ರು ತಮ್ಮ ಬೆಕ್ಕಿನ ಸಮಾಚಾರ ಹೇಳ್ತಾರೆ. ನಿನ್ನೆ ಅದು ಮರಿ ಹಾಕ್ತು. ಒಂದಕ್ಕೆ ನನ್ನ ಹೆಸರಿಟ್ಟಿದಾರೆ."

"ಇಷ್ಟು ವರ್ಷ ಇದನ್ನೆಲ್ಲ ಯಾಕೆ ಹೇಳಲಿಲ್ಲ?" ಎಂದು ಸ್ಲೇಟು ಹಿಡಿದೆ.

ಇವರು ಸ್ವಲ್ಪ ಯೋಚಿಸಿ, "ಮಧ್ಯೆ ಸಂದು ಸಿಗ್ಲಿಲ್ಲ" ಎಂದರು.

ಎಂಥ ಮಾತು! ಕೇಳಿದ್ದರೆ ಕೊಡುತ್ತಿರಲಿಲ್ಲವೇ ನಾನು ಸಂದು?

ಸೆಪ್ಟೆಂಬರ್ ೨೨, ಸೋಮವಾರ

ಶಾಲೆ ಮುಗಿಸಿ ಒಬ್ಬಳೇ ಡಾಕ್ಟರ ಹತ್ತಿರ ಹೋದೆ. ಕನ್ನಡಿ, ಟಾರ್ಚು. ಗಂಟುಗಳು ಕರಗಿವೆ! "ಎಲ್ಲಿ, ಏನಾದ್ರೂ ಮಾತಾಡಿ" ಎಂದರು. ಮೂರು ವಾರ ಕಾದಿದ್ದ ಕ್ಷಣ. ತಲೆ ಖಾಲಿ. "ಏನು ಮಾತಾಡ್ಲಿ?" ಎಂದೆ. ದನಿ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟಿತು, ಆದರೂ ನನ್ನದೇ. "ಮೆಲ್ಲಗೆ ಮಾತಾಡಿ, ಕೂಗಿದ್ರೆ ಮತ್ತೆ ಇಲ್ಲಿಗೇ ಬರ್ತೀರಿ" ಎಂದು ಎಚ್ಚರಿಸಿದರು.

ಮನೆಗೆ ಬಂದು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅತ್ತೆ ಮೊರ ಹಿಡಿದು ಕರೆದರು. "ಬಾ ಬಾ, ಬೇಗ ಕೂತ್ಕೋ. ರೈಲು ಇನ್ನೇನು ಸ್ಟೇಷನ್ನಿಗೆ ಬಂತು. ಡಾಕ್ಟರು ಏನಂದ್ರು?"

ಈಗ ನಾನು ಮಾತಾಡಿದರೆ ರೈಲು ಅಲ್ಲೇ ನಿಂತುಬಿಡುತ್ತದೆ. ಈ ಕಥೆ ಇಷ್ಟು ಕಾಲ ಅವರ ಹೊಟ್ಟೆಯಲ್ಲಿತ್ತು, ಮೂಕಿಯೊಬ್ಬಳು ಸಿಕ್ಕಳೆಂದು ಹೊರಗೆ ಬಂದಿದೆ. ಸ್ಲೇಟು ತೆಗೆದು "ಇನ್ನೊಂದು ವಾರ" ಎಂದು ಬರೆದೆ.

"ಅಯ್ಯೋ ಪಾಪ" ಎಂದರು ಅತ್ತೆ, ಬಹಳ ಸಂತೋಷದಿಂದ.

ಸೆಪ್ಟೆಂಬರ್ ೨೪, ಬುಧವಾರ

ಬಾಯಿದ್ದೂ ಮೂಕಿಯಾಗುವುದು ಬಾಯಿಲ್ಲದೆ ಮೂಕಿಯಾಗುವುದಕ್ಕಿಂತ ನೂರು ಪಾಲು ಕಷ್ಟ. ಮಂಚದ ಕಾಲಿಗೆ ಕಿರುಬೆರಳು ಬಡಿಯಿತು. ಕೂಗನ್ನು ದಿಂಬಿಗೆ ಒಪ್ಪಿಸಿದೆ. ಶಾಲೆಯಲ್ಲೂ ಬಾಯಿ ಬಿಡುವಂತಿಲ್ಲ, ವಾರ್ತೆಯ ಕಿವಿಗೆ ಬಿದ್ದರೆ ಸಂಜೆಯೊಳಗೆ ಅತ್ತೆಗೆ ಮುಟ್ಟುತ್ತದೆ.

ಅತ್ತೆ ಸ್ಟೇಷನ್ನಿನಲ್ಲಿ ಇಳಿದರು. ಗಾಳಿಯಲ್ಲಿ ಉಪ್ಪಿನ ವಾಸನೆ. ಮನೆಗಳ ಸಾಲಿನ ಆಚೆಯಿಂದ ದೊಡ್ಡ ಸದ್ದು, ನೂರು ಜನ ಒಟ್ಟಿಗೆ ಉಸಿರು ಬಿಟ್ಟ ಹಾಗೆ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಬೀನ್ಸು. ಬೀದಿ ತಿರುಗಿದರೆ ಸಮುದ್ರ.

"ಆಮೇಲೆ?" ಎಂದು ಬಾಯಿಗೆ ಬಂದೇ ಬಿಟ್ಟಿತ್ತು, ಕೆಮ್ಮಿ ನುಂಗಿದೆ.

"ಬೀನ್ಸ್ ಮುಗೀತು" ಎಂದು ಅತ್ತೆ ಮೊರ ಎತ್ತಿಕೊಂಡು ಎದ್ದುಹೋದರು.

ಸೆಪ್ಟೆಂಬರ್ ೨೫, ಗುರುವಾರ

ಎಲ್ಲ ಬಯಲಾಯಿತು.

ಮೀಟಿಂಗಿನಲ್ಲಿ ಹೆಡ್‌ಮಾಸ್ಟರು ಸ್ಟೋರ್ ರೂಮಿನ ವಿಷಯ ಓದಿದರು. "ಮೇಡಂ ಜೊತೆ ಆಗಲೇ ಮಾತಾಡಿದೀನಿ. ಅವ್ರು ಏನೂ ಹೇಳಿಲ್ಲ" ಎಂದರು. ಏನೂ ಹೇಳಿಲ್ಲವಂತೆ! ನಂತರ ಎಲ್ಲರತ್ತ ನೋಡಿ ನಕ್ಕು, "ಮೌನಂ ಸಮ್ಮತಿ ಲಕ್ಷಣಂ" ಎಂದರು.

"ಸಮ್ಮತಿ ಇಲ್ಲ ಸರ್."

ನಾನೇ. ಮೆಲ್ಲಗೆ, ಡಾಕ್ಟರು ಹೇಳಿದ ಹಾಗೆ. ಹೆಡ್‌ಮಾಸ್ಟರ ಬಿಸ್ಕತ್ತು ಟೀಯಲ್ಲಿ ಮುಳುಗಿಹೋಯಿತು. ಅದನ್ನು ತೆಗೆಯುವ ಧೈರ್ಯವೂ ಅವರಿಗೆ ಬರಲಿಲ್ಲ.

"ನಿಮಗೆ... ದನಿ..."

"ಬಂದಿದೆ. ಎಂಟನೇ ಬಿ ನಂದು ಸರ್. ಹಡಗಿನ ಪಾಠ ಇನ್ನೂ ಮುಗಿದಿಲ್ಲ. ಅರ್ಧಕ್ಕೆ ಬಿಟ್ಟು ನಾನು ಎಲ್ಲಿಗೂ ಹೋಗಲ್ಲ."

ಇನ್ನೂ ಬೇಕಾದಷ್ಟು ಹೇಳಬಹುದಿತ್ತು. ಭಿನ್ನರಾಶಿಯವರ ಬಚ್ಚಲಿನ ಗಣಿತ ಕೈಯಳತೆಯಲ್ಲೇ ಇತ್ತು. ಅವರೂ ಅದನ್ನೇ ನೆನೆದರೇನೋ, ಬಿಳಿಚಿಕೊಂಡು ಎದ್ದು ನಿಂತರು. "ಸರ್, ಮೇಡಂ ಅಲ್ಲೇ ಇರ್ಲಿ. ಹಡಗಿನ ವಾದ ನನ್ನ ಕ್ಲಾಸಿಗೂ ಕೇಳಿಸ್ತಿತ್ತು. ನಾವು ಅವತ್ತು ಲೆಕ್ಕ ನಿಲ್ಸಿ ಅದನ್ನೇ ಕೇಳಿದ್ವಿ" ಎಂದರು.

ಹೆಡ್‌ಮಾಸ್ಟರು ಸ್ಟೋರ್ ರೂಮಿನ ಸಾಲು ಹೊಡೆದುಹಾಕಿದರು.

ಗೆದ್ದ ಖುಷಿಯಲ್ಲಿ ಹೊರಬಂದರೆ, ಬಾಗಿಲ ಹೊರಗೆ, ತನ್ನ ಹಳೆಯ ಜಾಗದಲ್ಲಿ, ವಾರ್ತೆ ನಿಂತಿದ್ದಳು. ನಾನು ಬಸ್ಸು ಹಿಡಿಯುವಷ್ಟರಲ್ಲಿ ಅವಳ ಸೈಕಲ್ಲು ನಮ್ಮ ಬೀದಿ ಮುಟ್ಟಿತ್ತು.

ಅತ್ತೆ ಬಾಗಿಲಲ್ಲೇ ಕಾದಿದ್ದರು. "ಬಾಯಿ ಬಂತಂತೆ?"

"ಅತ್ತೆ, ಅದು..."

"ಸೋಮವಾರಾನೇ ಗೊತ್ತಿತ್ತು ಬಿಡು. ಕೈಕಾಲು ತೊಳೆಯೋವಾಗ ಬಚ್ಚಲಲ್ಲಿ ಹಾಡ್ತಿದ್ದೆ. ಹಾಡು ಅಂತ ಆಮೇಲೆ ಗೊತ್ತಾಯ್ತು, ಮೊದಲು ನಲ್ಲಿ ಕೆಟ್ಟಿದೆ ಅಂದ್ಕೊಂಡೆ."

"ಗೊತ್ತಿದ್ದೂ ಯಾಕೆ ಕಥೆ ಹೇಳ್ತಾ ಹೋದ್ರಿ?"

"ಬಾಯಿದ್ದೂ ನೀನ್ಯಾಕೆ ಕೇಳ್ತಾ ಹೋದೆ?"

ನಾನು ಚಪ್ಪಲಿ ಬಿಚ್ಚುತ್ತಾ, "ಬೀದಿ ತಿರುಗಿದ ಮೇಲೆ ಏನಾಯ್ತು?" ಎಂದು ಕೇಳಿದೆ.

ಅತ್ತೆ ಒಳಗೆ ಹೋಗಿ ಕುರ್ಚಿಯ ಮೇಲೆ ಕೂತರು. "ತಿರುಗಲೇ ಇಲ್ಲ ಕಣೇ. ನಿನ್ನ ಗಂಡ ಆ ಸದ್ದು ಕೇಳಿ ಹೆದರಿ ಚೀರೋಕೆ ಶುರು ಮಾಡ್ದ. ಮನೆಗೆ ಹೋಗೋಣ, ಮನೆಗೆ ಹೋಗೋಣ ಅಂತ ಒಂದೇ ಹಠ. ಜನ ಸೇರಿದ್ರು. ಮಗು ಯಾರದು ಅಂತ ಒಬ್ಬ ಕೇಳ್ದ. ನಂಗೂ ಹೆದರಿಕೆ ಆಯ್ತು. ಬಂದ ರೈಲಲ್ಲೇ ವಾಪಸು ಹತ್ತಿದೆ. ಇನ್ನು ಹತ್ತು ಹೆಜ್ಜೆ ಇತ್ತೋ ಏನೋ. ಅದಕ್ಕೇ ನಿನ್ನೆ ನಿಲ್ಸಿದ್ದು. ನೋಡಿದ್ರೆ ತಾನೇ ಹೇಳೋದು."

ಅವರ ಪಕ್ಕ ನೆಲದ ಮೇಲೆ ಕೂತೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಬೀನ್ಸ್ ಮಾತ್ರ ಚೆನ್ನಾಗಿತ್ತು" ಎಂದರು.

ಅಕ್ಟೋಬರ್ ೪, ಶನಿವಾರ

ಅರ್ಧವಾರ್ಷಿಕ ರಜೆ. ಮೂವರೂ ಸಮುದ್ರಕ್ಕೆ ಬಂದೆವು. ಯಾಕೆ ಇದ್ದಕ್ಕಿದ್ದಂತೆ ಎಂದು ಇವರು ಕೇಳಿದರು. ಗಂಟಲಿಗೆ ಉಪ್ಪುಗಾಳಿ ಒಳ್ಳೆಯದೆಂದೆ.

ಸ್ಟೇಷನ್ನಿನ ಮುಂದಿನ ಬೀದಿಯಲ್ಲಿ ನಡೆಯುತ್ತಾ ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ತಿರುವು ಬಂತು. ಹತ್ತು ಹೆಜ್ಜೆಯಲ್ಲ, ಸಾಕಷ್ಟು ದೂರವೇ ಇತ್ತು. ಅತ್ತೆ ಚಪ್ಪಲಿ ಬಿಟ್ಟು ನೇರ ನೀರಿನ ತನಕ ಹೋಗಿ ನಿಂತರು. ಅಲೆ ಬಂದು ಪಾದ ಮುಚ್ಚಿತು, ಹೋಯಿತು, ಮತ್ತೆ ಬಂತು. ಅವರು ಕದಲಲಿಲ್ಲ.

"ಅಮ್ಮ, ಹೇಗಿದೆ? ಏನಾದ್ರೂ ಹೇಳು" ಎಂದರು ಇವರು.

ಅತ್ತೆ ತಿರುಗಿ ಮಗನನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ನಿನ್ನಿಂದ ಇಷ್ಟು ತಡ ಆಯ್ತು!"

ಇವರು ನನ್ನ ಮುಖ ನೋಡಿದರು, ಸಮುದ್ರದ ಮುಖ ನೋಡಿದರು. ಯಾವ ಕಡೆಯಿಂದಲೂ ವಿವರಣೆ ಬಾರದ್ದರಿಂದ "ಆಯ್ತು, ಬರ್ಕೊಂಡೆ" ಎಂದರು. ಅತ್ತೆ ನಗುತ್ತಾ ಇವರ ಕೈ ಹಿಡಿದು ನೀರಿಗೆ ಎಳೆದರು.

ನಾನು ಮರಳಿನ ಮೇಲೆ, ಟೀ ಮಾರುವಾಕೆಯ ಪಕ್ಕ ಕೂತೆ. ಅವಳಿಗೆ ಅಳಿಯನೊಬ್ಬನಿದ್ದಾನೆ. ಈಜು ಬಾರದ ಮೀನುಗಾರ. ಅದನ್ನು ಮುಚ್ಚಿಟ್ಟು ಮದುವೆಯಾದವನಂತೆ. ಗುಟ್ಟು ರಟ್ಟಾದದ್ದು ಹೇಗೆಂದು ಅವಳು ಹೇಳುತ್ತಾ ಹೋದಳು, ಟೀ ಎರಡು ಸಲ ತಣ್ಣಗಾಯಿತು. ಅಷ್ಟರಲ್ಲಿ ಅತ್ತೆ ಬಟ್ಟೆಯ ನೀರು ಹಿಂಡುತ್ತಾ ಬಂದು ನಮ್ಮ ಪಕ್ಕ ಕೂತು, ನನ್ನತ್ತ ಬೆರಳು ತೋರಿಸಿ ಅವಳಿಗೆ ಹೇಳಿದರು:

"ನಮ್ಮ ಸೊಸೆಗೆ ಮಾತು ಸ್ವಲ್ಪ ಕಮ್ಮಿ. ಏನೂ ಅಂದ್ಕೋಬೇಡಮ್ಮ."

ಈ ಇಪ್ಪತ್ತು ವರ್ಷದಲ್ಲಿ ಅತ್ತೆ ಹೇಳಿದ ಸುಳ್ಳುಗಳಲ್ಲೆಲ್ಲ ದೊಡ್ಡದು ಇದು. ಅಲ್ಲೇ ಎದ್ದು ಖಂಡಿಸಬೇಕೆಂದಿದ್ದೆ. ಆದರೆ ಅಳಿಯ ಆಗಷ್ಟೇ ನೀರಿಗೆ ಬಿದ್ದಿದ್ದ.